ವಿದ್ಯುತ್ತಿನಿಂದ ಗಣಕಕ್ಕೆ: ಒಂದು ಹಂಬಲದ ಚರಿತ್ರೆ

ಭಿವಂಡಿಯ ಬ್ಯಾಂಕೊಂದರ ಶಾಖೆಯಲ್ಲಿ ಕುಳಿತವನಿಗೆ ಮಳೆಗಾಲವೆಂದರೆ ಶಿಕ್ಷಣ ಸಾಲದ ಅರ್ಜಿಗಳ ಕಾಲ. ಕಳೆದ ಮಳೆಗಾಲದಲ್ಲಿ ನಮ್ಮವರೇ ಆದ ತಂದೆ ಮಗ ಇಬ್ಬರು ನನ್ನ ಮೇಜಿನೆದುರು ಬಂದು ಕುಳಿತರು. ತಂದೆ ಕುಂದಾಪುರದ ಕಡೆಯವರು. ಪವರ್‌ಲೂಮ್ ಗಾಲೆಗಳ ನಡುವೆ ಚಹಾ ತಿಂಡಿಯ ಸಣ್ಣ ಹೋಟೆಲು ನಡೆಸಿ ಮಗನನ್ನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವೀಧರನನ್ನಾಗಿ ಮಾಡಿದ್ದರು. ಮಗನು ಸ್ನಾತಕೋತ್ತರ ವ್ಯಾಸಂಗಕ್ಕೆ ಗಣಕ ವಿಜ್ಞಾನದತ್ತ ಹೊರಳಬೇಕೆಂದಿದ್ದನು. ತಾನು ಕಲಿತ ವಿಭಾಗದಲ್ಲಿ ತನಗೆ ಬೇಕಾದ ಹೊಸ ವಿಷಯಗಳ ಪಾಠವೇ ಇರಲಿಲ್ಲವೆಂಬುದು ಅವನ ದೂರು. ತಂದೆಯವರು ತಗ್ಗಿದ ದನಿಯಲ್ಲಿ ಕೇಳಿದರು: "ಸಾರ್, ನಾಲ್ಕು ವರ್ಷ ಕರೆಂಟಿನ ವಿದ್ಯೆ ಓದಿಸಿದ್ದು ದಂಡ ಆಯ್ತಾ?"

ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಬ್ಯಾಂಕಿನ ಅಧಿಕಾರಿಯದು; ಎಂದರೆ, ಅರೆಮನಸ್ಸಿನದು. ಚರಿತ್ರೆಯ ವಿದ್ಯಾರ್ಥಿಯಾಗಿ ಕೊಡಬೇಕಾಗಿದ್ದ ಉತ್ತರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ವಿದ್ಯುಚ್ಛಾಸ್ತ್ರವನ್ನು ಓದಿದ ಪದವೀಧರರು ಗಣಕ ವಿಜ್ಞಾನದ ಪಾಠಕ್ಕಾಗಿ ಹಂಬಲಿಸಿದ್ದು ಇಂದು ನಿನ್ನೆಯ ಮಾತಲ್ಲ. ನಮ್ಮ ದೇಶದಲ್ಲಿ ಆ ಶಾಸ್ತ್ರವು ಕಣ್ತೆರೆದದ್ದೇ ಅಂತಹ ಹಂಬಲದ ಮಡಿಲಿನಲ್ಲಿ. ಅದಕ್ಕೆ ಪ್ರತ್ಯೇಕವಾದ ವಿಭಾಗವೂ ಪದವಿಯೂ ಹೆಸರೂ ದೊರೆತದ್ದು ಬಹಳ ತಡವಾಗಿ. ಈ ಕ್ರಮವನ್ನು ಮನಗಂಡರೆ ತಂದೆಯ ಆತಂಕಕ್ಕೂ ಮಗನ ಅಸಮಾಧಾನಕ್ಕೂ ಸಮಾಧಾನ ದೊರೆಯಬಹುದು.

1. ಮೊದಲು ದೀಪ, ಅನಂತರ ಪಾಠ

1902ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತೆಂಬುದನ್ನು ಕನ್ನಡಿಗರಲ್ಲಿ ಅರಿಯದವರಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಯೋಜನೆ ಅವರ ನಿಧನದ ಮರುವರ್ಷ ಕೈಗೂಡಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಆ ದೀಪವನ್ನು ಬೆಳಗಿಸುವ ಶಾಸ್ತ್ರವನ್ನು ಉನ್ನತ ಮಟ್ಟದಲ್ಲಿ ಕಲಿಸುವ ಒಂದು ಶಾಲೆಯಾದರೂ ಅಂದು ಮೈಸೂರು ಸೀಮೆಯಲ್ಲಿ ಇರಲಿಲ್ಲ. ಎಂಜಿನಿಯರಿಂಗ್ ಕಲಿಯಬೇಕಾದ ಕನ್ನಡದ ಹುಡುಗ ಮದರಾಸಿಗೋ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಾಗಿತ್ತು. ವಿಶ್ವೇಶ್ವರಯ್ಯನವರೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪುಣೆಗೆ ತೆರಳಿ ಎಂಜಿನಿಯರಾದವರು. ವಿದ್ಯೆಗಾಗಿ ಊರು ಬಿಡುವ ನಮ್ಮ ವಾಡಿಕೆ ಅಷ್ಟು ಹಳೆಯದು.

ಹೊರನಾಡುಗಳಲ್ಲಿಯೂ ಈ ಶಾಸ್ತ್ರ ಸ್ವತಂತ್ರವಾಗಿ ಹುಟ್ಟಲಿಲ್ಲ. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1882ರಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಪಾಠ ಆರಂಭವಾದಾಗ ಅದು ಭೌತವಿಜ್ಞಾನ ವಿಭಾಗದ ಒಂದು ಕವಲಾಗಿತ್ತು. ಪ್ರತ್ಯೇಕ ವಿಭಾಗವಾಗಲು ಅದಕ್ಕೆ 20 ವರ್ಷ ಹಿಡಿಯಿತು. ಆ ವಿಭಾಗ ಸ್ಥಾಪಿತವಾದದ್ದೂ 1902ರಲ್ಲಿಯೇ. ಅಲ್ಲಿ ವಿದ್ಯುತ್ತಿಗೆ ತನ್ನದೇ ವಿಭಾಗ ದೊರೆತ ವರ್ಷ ಇಲ್ಲಿ ಚಿನ್ನದ ಗಣಿಗೆ ವಿದ್ಯುತ್ತು ದೊರೆಯಿತು. ಯಂತ್ರ ತರಿಸುವುದರಲ್ಲಿ ನಾವು ಹಿಂದುಳಿದಿರಲಿಲ್ಲ. ಪಾಠ ಹೇಳುವುದರಲ್ಲಿ ಹಿಂದುಳಿದಿದ್ದೆವು.

ಆ ಕೊರತೆಯನ್ನು ಮೊದಲು ತುಂಬಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಜಮಶೇಟ್‌ಜಿ ಟಾಟಾ ಅವರ ಸಂಕಲ್ಪ ಮತ್ತು ಮೈಸೂರು ಸಂಸ್ಥಾನವಿತ್ತ 371 ಎಕರೆ ಭೂಮಿ ಇವುಗಳಿಂದ ರೂಪುಗೊಂಡ ಈ ಸಂಸ್ಥೆ 1911ರ ಜುಲೈ ತಿಂಗಳಲ್ಲಿ 24 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಅಂದು ಅಲ್ಲಿದ್ದ ಬೆರಳೆಣಿಕೆಯ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರ ಒಂದು. ಅದರ ಮೊದಲ ಮುಖ್ಯಸ್ಥರು ಆಲ್ಫ್ರೆಡ್ ಹೇ. ಬಳಿಕ 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆ ಮತ್ತು ಬೆಂಗಳೂರಿನ ಬಿ.ಎಂ.ಎಸ್. ಕಾಲೇಜುಗಳು 1946ರಲ್ಲಿಯೂ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 1947ರಲ್ಲಿಯೂ ಆರಂಭವಾದವು. ಅಲ್ಲಿಯತನಕ ಮುಂಬಯಿ ಕರ್ನಾಟಕದ ತರುಣರಿಗೆ ಪುಣೆಯ ಕಾಲೇಜು ಮತ್ತು 1887ರಲ್ಲಿ ಸ್ಥಾಪಿತವಾದ ಮುಂಬಯಿಯ ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆ ಇವೇ ಆಸರೆಯಾಗಿದ್ದವು.

2. ಒಂದು ಪ್ರಯೋಗಶಾಲೆಯ ಯಂತ್ರ

ಗಣಕದ ಕಥೆಯೂ ಇದೇ ಜಾಡಿನಲ್ಲಿ ಸಾಗುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗಿಗೆ ಬೇರೆಯೇ ವಿಭಾಗ ಏರ್ಪಟ್ಟಿತು. ರೇಡಿಯೋ, ದೂರವಾಣಿ, ನಿರ್ವಾತ ಕೊಳವೆ ಇವು ಅಲ್ಲಿಯ ಪಾಠಗಳು. ಗಣಕವೆಂಬ ಪಾಠ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. 1954ರ ಸುಮಾರಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿನ್ಸೆಂಟ್ ರೈಡೌಟ್ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದರು. ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳು ಒಂದು ಅನಲಾಗ್ ಗಣಕವನ್ನು, ಅರ್ಥಾತ್ ಸಂಖ್ಯೆಗಳಿಗೆ ಬದಲಾಗಿ ವಿದ್ಯುತ್ತಿನ ವೋಲ್ಟೇಜುಗಳಿಂದಲೇ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನು, ಸಂಸ್ಥೆಯಲ್ಲಿಯೇ ಕಟ್ಟಿದರು. ಅದಕ್ಕೆ 'ಪ್ರೆಡಾ' ಎಂಬ ಹೆಸರಿಟ್ಟರು. ಆ ಕೆಲಸದಲ್ಲಿ ತೊಡಗಿದ್ದ ವಿದ್ಯಾರ್ಥಿಗಳಲ್ಲಿ ವಿ. ರಾಜಾರಾಮನ್ ಒಬ್ಬರು. ದೆಹಲಿಯಲ್ಲಿ ಭೌತವಿಜ್ಞಾನದ ಆನರ್ಸ್ ಪದವಿ ಪಡೆದು ಬಂದು, 1955ರಲ್ಲಿ ಸಂಸ್ಥೆಯ ಡಿಪ್ಲೊಮಾ ಗಳಿಸಿದ ಅವರು ಮುಂದೆ ಭಾರತದಲ್ಲಿ ಗಣಕ ಶಿಕ್ಷಣದ ಆದ್ಯರಲ್ಲಿ ಒಬ್ಬರಾದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ವಿದ್ಯಾರ್ಥಿಗಳಿಗೆ ಗಣಕ ವಿಜ್ಞಾನದ ಪದವಿಯನ್ನು ಯಾರೂ ಕೊಡಲಿಲ್ಲ. ಕೊಡುವುದಕ್ಕೆ ಅಂತಹ ಪದವಿಯೇ ಭಾರತದಲ್ಲಿ ಇರಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1953ರಲ್ಲಿ ಆರಂಭವಾದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಈ ಜಾತಿಯ ಮೊಟ್ಟಮೊದಲನೆಯದೆಂದು ಗಣಿತವಾಗಿದೆ. ಅದರ ಹೆಸರಿನಲ್ಲಿಯೂ ಮೊದಲಿಗೆ ಇದ್ದದ್ದು ಸಾಂಖ್ಯಿಕ ವಿಶ್ಲೇಷಣೆ ಮತ್ತು ಸ್ವಯಂಚಾಲಿತ ಗಣನೆ ಎಂಬ ಮಾತುಗಳು. ಬೆಂಗಳೂರಿನ ತರುಣರಿಗೆ ದೊರೆತದ್ದು ಒಬ್ಬ ಗುರು, ಒಂದು ಯಂತ್ರ, ಮತ್ತು ಹಳೆಯ ವಿಭಾಗವೊಂದು ಕೊಟ್ಟ ಅವಕಾಶ. ಅಷ್ಟರಿಂದಲೇ ಅವರ ದಾರಿ ತೆರೆಯಿತು.

ಇದೇ ಕಾಲದಲ್ಲಿ ನಮ್ಮ ಮುಂಬಯಿಯೂ ಸುಮ್ಮನಿರಲಿಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ಪೂರ್ಣ ಪ್ರಮಾಣದ ಅಂಕೀಯ ಗಣಕವೊಂದು ನಿರ್ಮಿತವಾಗಿ 1960ರಲ್ಲಿ ಕೆಲಸಕ್ಕೆ ತೊಡಗಿತು. 1962ರಲ್ಲಿ ಜವಾಹರಲಾಲ್ ನೆಹರೂ ಅವರು ಅದಕ್ಕೆ 'ಟಿಫ್ರಾಕ್' ಎಂದು ನಾಮಕರಣ ಮಾಡಿದರು. ಆದರೆ ಅದು ಸಂಶೋಧಕರ ಯಂತ್ರವಾಗಿತ್ತು. ಸಾಮಾನ್ಯ ಪದವೀಧರನಿಗೆ ಗಣಕದ ಪಾಠ ಕ್ರಮವಾಗಿ ದೊರೆಯಬೇಕಾದರೆ ಇನ್ನೊಂದು ಊರಿನತ್ತ ನೋಡಬೇಕಾಗಿತ್ತು.

3. ಕಾನ್ಪುರದ ಒಂದು ಬೆಳಗು

ಆ ಊರು ಕಾನ್ಪುರ. ಅಲ್ಲಿಯ ಭಾರತೀಯ ತಾಂತ್ರಿಕ ಸಂಸ್ಥೆಗೆ ಒಂಬತ್ತು ಅಮೆರಿಕನ್ ವಿದ್ಯಾಸಂಸ್ಥೆಗಳ ನೆರವಿತ್ತು. 1963ರಲ್ಲಿ ಐಬಿಎಂ 1620 ಎಂಬ ಗಣಕ ಅಲ್ಲಿಗೆ ಬಂದಿತು. ಅದೇ ವರ್ಷ ರಾಜಾರಾಮನ್ ಅವರು ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಉಪನ್ಯಾಸ ವೃತ್ತಿಗೆ ಸೇರಿದರು. ಯಂತ್ರವನ್ನು ಬೀಗ ಹಾಕಿದ ಕೊಠಡಿಯಲ್ಲಿ ಇರಿಸದೆ ವಿದ್ಯಾರ್ಥಿಗಳ ಕೈಗೇ ಕೊಟ್ಟದ್ದು ಅಲ್ಲಿಯ ವೈಶಿಷ್ಟ್ಯ. ಬೇರೆ ಊರುಗಳ ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಹತ್ತು ದಿನಗಳ ಪಾಠಗಳು ನಡೆದವು. ಎಚ್. ಎನ್. ಮಹಾಬಲ ಮೊದಲಾದ ಅಧ್ಯಾಪಕರು ಜೊತೆಗೂಡಿದರು. ಸುಮಾರು 1965ರಿಂದ ಎಂ.ಟೆಕ್. ವಿದ್ಯಾರ್ಥಿಗಳಿಗೆ ಗಣಕವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಸೌಕರ್ಯ ಒದಗಿತು. ಆದರೆ ಅವರು ಓದುತ್ತಿದ್ದ ವಿಭಾಗದ ಹೆಸರು ವಿದ್ಯುತ್ ಎಂಜಿನಿಯರಿಂಗ್ ಎಂದೇ ಇತ್ತು.

ಅಲ್ಲಿಗೆ ಹೋದ ಕನ್ನಡದ ತರುಣರಲ್ಲಿ ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣ ಮೂರ್ತಿಯವರು ಒಬ್ಬರು. ಅವರು ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ 1967ರಲ್ಲಿ ಎಲೆಕ್ಟ್ರಿಕಲ್ ಪದವಿ ಪಡೆದು ಕಾನ್ಪುರಕ್ಕೆ ತೆರಳಿದರು. ಅಲ್ಲಿ ಅವರು ಓದುತ್ತಿದ್ದದ್ದು ನಿಯಂತ್ರಣ ಸಿದ್ಧಾಂತ. 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಅವರೇ ಸ್ಮರಿಸಿಕೊಂಡಂತೆ, 1968ರ ಒಂದು ಭಾನುವಾರ ಬೆಳಗಿನ ಉಪಾಹಾರದ ವೇಳೆ, ಅಮೆರಿಕದಿಂದ ಬಂದಿದ್ದ ಪ್ರಸಿದ್ಧ ಗಣಕ ವಿಜ್ಞಾನಿಯೊಬ್ಬರು ಈ ಶಾಸ್ತ್ರದ ಹೊಸ ಬೆಳವಣಿಗೆಗಳನ್ನು ಕುರಿತು ವಿದ್ಯಾರ್ಥಿಗಳೊಡನೆ ಮಾತನಾಡುತ್ತಿದ್ದರು. ಅದನ್ನು ಕೇಳಿದ ಮೂರ್ತಿಯವರು ಊಟದ ಮನೆಯಿಂದ ನೇರವಾಗಿ ಗ್ರಂಥಾಲಯಕ್ಕೆ ಹೋಗಿ, ಆ ವಿದ್ವಾಂಸರು ಸೂಚಿಸಿದ ನಾಲ್ಕೈದು ಪ್ರಬಂಧಗಳನ್ನು ಓದಿ, ಗಣಕ ವಿಜ್ಞಾನವನ್ನೇ ಕಲಿಯುವೆನೆಂಬ ನಿರ್ಧಾರದೊಡನೆ ಹೊರಬಂದರು. 1969ರಲ್ಲಿ ಅವರ ಎಂ.ಟೆಕ್. ಮುಗಿಯಿತು. 1981ರಲ್ಲಿ ಅವರೂ ಸಂಗಡಿಗರೂ ಪುಣೆಯಲ್ಲಿ ಇನ್ಫೋಸಿಸ್ ಸಂಸ್ಥೆಯನ್ನು ಆರಂಭಿಸಿದ ಸಂಗತಿ ಸರ್ವವಿದಿತ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಐಶ್ವರ್ಯದ ಕಥೆಯ ಮೊದಲ ಪುಟವೆಂದು ಓದುವುದುಂಟು. ನಾನು ಅದನ್ನು ವ್ಯಾಸಂಗದ ಚರಿತ್ರೆಯ ದಾಖಲೆಯೆಂದು ಓದುತ್ತೇನೆ. ವಿದ್ಯುಚ್ಛಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನಿಗೆ ಹೊಸ ವಿದ್ಯೆಯ ಆಸೆ ಹುಟ್ಟಿದ್ದು ಹೀಗೆ: ಬಲ್ಲವರ ಒಂದು ಮಾತು, ತೆರೆದಿದ್ದ ಒಂದು ಗ್ರಂಥಾಲಯ, ಮುಟ್ಟಲು ಸಿಕ್ಕ ಒಂದು ಯಂತ್ರ. ಇನ್ನೂ ಒಂದು ಮಾತುಂಟು. ಆ ಪ್ರಬಂಧಗಳನ್ನು ಓದಿ ಅರಗಿಸಿಕೊಳ್ಳುವ ಶಕ್ತಿ ಅವರಿಗೆ ಬಂದದ್ದು ಮೈಸೂರಿನಲ್ಲಿ ಕಲಿತ 'ಕರೆಂಟಿನ ವಿದ್ಯೆ'ಯಿಂದ. ಅದು ದಂಡವಾಗಲಿಲ್ಲ.

4. ಹೆಸರು ಬಂದದ್ದು ಕೊನೆಗೆ

ಇನ್ನು ಹೆಸರಿನ ವಿಚಾರ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಗಣಕ ವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಆ ದೇಶದಲ್ಲಿ ಅದೇ ಮೊದಲನೆಯದು. ಮಸಾಚುಸೆಟ್ಸ್ ಸಂಸ್ಥೆಯಾದರೋ ಬೇರೆ ವಿಭಾಗವನ್ನು ಮಾಡದೆ, 1975ರಲ್ಲಿ ತನ್ನ ವಿದ್ಯುತ್ ವಿಭಾಗದ ಹೆಸರಿಗೇ ಗಣಕ ವಿಜ್ಞಾನವನ್ನು ಸೇರಿಸಿಕೊಂಡಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಸ್ವಯಂಚಾಲನ ಶಾಲೆ ಎಂಬ ಹೆಸರಿನಿಂದ ಆರಂಭವಾದ ಘಟಕವೇ ಕಾಲಕ್ರಮದಲ್ಲಿ ಗಣಕ ವಿಜ್ಞಾನ ಮತ್ತು ಸ್ವಯಂಚಾಲನ ವಿಭಾಗವಾಯಿತು. ಕಾನ್ಪುರದಲ್ಲಿ ಬಿ.ಟೆಕ್. ಮಟ್ಟದ ಗಣಕ ವಿಜ್ಞಾನ ಪದವಿ ಬಂದದ್ದು 1978ರಲ್ಲಿ. ಯಂತ್ರ ಬಂದು 15 ವರ್ಷಗಳು ಕಳೆದಿದ್ದವು. ಮೊದಲು ಸ್ನಾತಕೋತ್ತರರ ಹಂಬಲ, ಆಮೇಲೆ ಐಚ್ಛಿಕ ಪಾಠ, ಅನಂತರ ವಿಶೇಷ ವಿಷಯ, ಕಟ್ಟಕಡೆಗೆ ಪದವಿಯ ಹೆಸರು. ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ ಕ್ರಮ.

ಎಂಜಿನಿಯರಿಂಗ್ ಓದಲಾಗದ ಪದವೀಧರರ ಹಂಬಲಕ್ಕೂ ಒಂದು ದಾರಿ ಬೇಕಾಗಿತ್ತು. ರಾಜಾರಾಮನ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1980ರ ದಶಕದ ಆರಂಭದಲ್ಲಿ ಎಂ.ಸಿ.ಎ. ಎಂಬ ಪದವಿ ರೂಪುಗೊಂಡಿತು. ವಿಜ್ಞಾನ, ವಾಣಿಜ್ಯಗಳನ್ನು ಓದಿದವರಿಗೂ ಅದು ಬಾಗಿಲು ತೆರೆಯಿತು. ಹಗಲು ದುಡಿದು ರಾತ್ರಿ ಓದುವ ಮುಂಬಯಿ ಕನ್ನಡಿಗರ ಸಂಪ್ರದಾಯವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಹೋಟೆಲುಗಳಲ್ಲಿ ಕೆಲಸಕ್ಕಿದ್ದ ಹುಡುಗರು ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ, ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ಊರು ಇದು. ಅವರ ಮಕ್ಕಳಲ್ಲಿ ಅನೇಕರು ಗಣಕದ ಲೋಕವನ್ನು ಹೊಕ್ಕದ್ದು ಎಂಜಿನಿಯರಿಂಗ್ ಬಾಗಿಲಿನಿಂದಲ್ಲ. ಇಂತಹ ಪಕ್ಕದ ಬಾಗಿಲಿನಿಂದ.

ನನ್ನ ವೃತ್ತಿಯಲ್ಲಿಯೂ ಇದರ ನೆರಳುಂಟು. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಕರಾವಳಿಯ ನೆಲದಲ್ಲಿ ಹುಟ್ಟಿ ಮುಂಬಯಿಯ ಕನ್ನಡಿಗರಿಗೆ ಅನ್ನವಿತ್ತವು. 1984ರಲ್ಲಿ ಸಿ. ರಂಗರಾಜನ್ ಸಮಿತಿ ಬ್ಯಾಂಕುಗಳ ಯಂತ್ರೀಕರಣಕ್ಕೆ ಶಿಫಾರಸು ಮಾಡಿದಾಗ, ಲೆಡ್ಜರು ಬರೆಯುತ್ತಿದ್ದ ನಮ್ಮ ಹಿರಿಯರು ಗಣಕವನ್ನು ಅನ್ನಕ್ಕೆ ಕಲ್ಲೆಂದು ಕಂಡು ಅಂಜಿದ್ದುಂಟು. ಅದೇ ಹಿರಿಯರು ಸಂಜೆ ಮನೆಗೆ ಬಂದು ಮಗನನ್ನು ಕಂಪ್ಯೂಟರ್ ತರಗತಿಗೆ ಸೇರಿಸಿದ್ದೂ ಉಂಟು. ಕಾಲ ಸರಿದಂತೆ 2019ರಲ್ಲಿ ವಿಜಯಾ ಬ್ಯಾಂಕೂ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳೂ ಇತರ ಬ್ಯಾಂಕುಗಳಲ್ಲಿ ಲೀನವಾದವು. ಆ ಬ್ಯಾಂಕುಗಳ ಹೆಸರಳಿದರೂ ಅಲ್ಲಿ ಕಲಿತ ಲೆಕ್ಕಾಚಾರದ ಶಿಸ್ತು ಅಳಿಯಲಿಲ್ಲವಷ್ಟೆ.

5. ಭಿವಂಡಿಯ ಮಗ್ಗ, ಕನ್ನಡದ ಕೀಲಿಮಣೆ

ನಮ್ಮ ಈ ಸೀಮೆ ವಿದ್ಯುತ್ತಿಗೆ ಹೊಸದಲ್ಲ. ಸಹ್ಯಾದ್ರಿಯ ಬುಡದ ಖೋಪೋಲಿಯಲ್ಲಿ ಟಾಟಾ ಜಲವಿದ್ಯುತ್ ಕೇಂದ್ರ 1915ರಲ್ಲಿಯೇ ಆರಂಭವಾಯಿತು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ಆ ದಶಕದ ಕೊನೆಗೆ ಡೊಂಬಿವಲಿ ಕಲ್ಯಾಣಗಳ ನಡುವಿನ ಠಾಕುರ್ಲಿಯಲ್ಲಿ ರೈಲ್ವೆಯ ವಿದ್ಯುದಾಗಾರ ನಿಂತಿತು. ಭಿವಂಡಿಯ ಕೈಮಗ್ಗಗಳು ವಿದ್ಯುತ್ತಿನಿಂದಲೇ ಪವರ್‌ಲೂಮ್‌ಗಳಾದವು. 2007ರಲ್ಲಿ ವಿದ್ಯುತ್ ವಿತರಣೆಯನ್ನು ಖಾಸಗಿ ಕಂಪನಿಗೆ ಒಪ್ಪಿಸಿದ ಪ್ರಯೋಗವೂ ಈ ಊರಿನಲ್ಲಿ ನಡೆಯಿತು. ಆದರೂ ಈ ಊರನ್ನು ಬರಿಯ ಮಗ್ಗದ ಸದ್ದಿನ ಊರೆಂದು ತಿಳಿದು ವಿದ್ಯೆಯ ಮಾತಿನಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

ಮಗ್ಗವನ್ನು ಹೀಗೆ ಕಡೆಗಣಿಸುವುದು ಸಲ್ಲದು. ಫ್ರಾನ್ಸಿನ ಜಕಾರ್ ಎಂಬವನು 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ರಟ್ಟಿನ ಕಾರ್ಡುಗಳ ರಂಧ್ರಗಳು ಯಾವ ಎಳೆ ಮೇಲೇಳಬೇಕೆಂಬುದನ್ನು ನಿರ್ಣಯಿಸುತ್ತಿದ್ದವು. ಅದೇ ಬಗೆಯ ರಂಧ್ರದ ಕಾರ್ಡುಗಳನ್ನು ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಯಲ್ಲಿ ಅಳವಡಿಸಿದನು. ಹಾಲರಿತ್ 1890ರ ಅಮೆರಿಕದ ಜನಗಣತಿಯಲ್ಲಿ ಕಾರ್ಡುಗಳಿಂದ ಎಣಿಕೆ ಮಾಡಿಸಿದನು. ಕಾನ್ಪುರದ ವಿದ್ಯಾರ್ಥಿಗಳು ತಮ್ಮ ಕ್ರಮವಿಧಿಗಳನ್ನು ಯಂತ್ರಕ್ಕೆ ಉಣಿಸಿದ್ದೂ ಅಂತಹ ಕಾರ್ಡುಗಳಲ್ಲಿಯೇ. ಮಗ್ಗದಿಂದ ಗಣಕಕ್ಕೆ ಇರುವ ದೂರ ಅಷ್ಟೇನೂ ಹೆಚ್ಚಲ್ಲ.

ಇನ್ನು ನಮ್ಮ ಭಾಷೆಯ ಪಾಲು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಕನ್ನಡದಲ್ಲಿ ಹೊಸ ಶಾಸ್ತ್ರಗಳನ್ನು ಹೇಳಬಹುದೆಂದು ತೋರಿಸಿದರು. ಆ ಪತ್ರಿಕೆ ಎರಡು ವರ್ಷಕ್ಕೇ ನಿಂತಿತು. ಗಣಕದ ಕಾಲಕ್ಕೆ ಆ ಕೆಲಸವನ್ನು ಬೇರೊಂದು ರೀತಿಯಲ್ಲಿ ಮುಂದುವರಿಸಿದವರು ಮುಂಬಯಿಯಲ್ಲಿ ದುಡಿದ ಕನ್ನಡಿಗರು: ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ಕೆಲಸ ಮಾಡಿದ ಅವರು, ಕನ್ನಡ ಅಕ್ಷರಗಳ ಧ್ವನಿಕ್ರಮವನ್ನೇ ಆಧರಿಸಿದ ಸರಳ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರ್ಕಾರ ಮುಂದೆ ಒಪ್ಪಿಕೊಂಡ ವಿನ್ಯಾಸಕ್ಕೆ ಅದೇ ತಳಹದಿ. ಇಂದು ನಾವು ಬೆರಳತುದಿಯಲ್ಲಿ ಕನ್ನಡವನ್ನು ಮೂಡಿಸುವಾಗ ಒಬ್ಬ ಹೊರನಾಡ ಕನ್ನಡಿಗನ ಋಣ ನಮ್ಮ ಮೇಲಿದೆ. ಅವರ ಕೈಯಲ್ಲಿಯೂ ಗಣಕ ವಿಜ್ಞಾನದ ಪದವಿಯಿರಲಿಲ್ಲ.

6. ಉಪಸಂಹಾರ

ಇಂದಿನ ತರುಣರ ಮುಂದೆ ಕೃತಕ ಬುದ್ಧಿಮತ್ತೆ, ದತ್ತಾಂಶ ವಿಜ್ಞಾನ ಮೊದಲಾದ ಹೊಸ ಹೆಸರಿನ ಪಾಠಕ್ರಮಗಳು ಸಾಲುಗಟ್ಟಿವೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅನುಮತಿ ನೀಡಿತು. ಆ ಭಾಷೆಗಳಲ್ಲಿ ಕನ್ನಡವೂ ಸೇರಿದೆ. 2024-25ರ ಸಾಲಿನಿಂದ ಪರಿಷತ್ತು ಉತ್ತಮ ಸಂಸ್ಥೆಗಳ ಮಟ್ಟಿಗೆ ಪ್ರವೇಶ ಸಂಖ್ಯೆಯ ಮೇಲ್ಮಿತಿಯನ್ನೂ ತೆಗೆದುಹಾಕಿತು. ಸೀಟುಗಳು ಗಣಕದ ಶಾಖೆಯತ್ತ ಹರಿಯುತ್ತಿವೆ. ಎಲೆಕ್ಟ್ರಿಕಲ್ ಎಂದರೆ ಮೂಗು ಮುರಿಯುವ ತಂದೆತಾಯಿಗಳನ್ನು ನನ್ನ ಮೇಜಿನೆದುರು ದಿನವೂ ಕಾಣುತ್ತೇನೆ.

ಇವರಿಗೆ ಚರಿತ್ರೆ ಹೇಳುವುದೇನು? ಹಲಗೆಯ ಮೇಲಿನ ಹೆಸರನ್ನು ನೋಡಿ ಪಾಠಕ್ರಮವನ್ನು ಆರಿಸಬಾರದೆಂಬುದು ಒಂದು. ಹೆಸರು ಯಾವಾಗಲೂ ಕೊನೆಗೆ ಬರುವಂತಹುದು. ಅದು ಬರುವ ಹೊತ್ತಿಗೆ ಆ ಶಾಸ್ತ್ರದ ಮೊದಲ ಹೊಸತನ ತೀರಿರುತ್ತದೆ. ಹೊಸ ಪಾಠ ಬೇಕೆನ್ನುವ ಸ್ನಾತಕೋತ್ತರ ವಿದ್ಯಾರ್ಥಿಯ ದೂರನ್ನು ಉದ್ಧಟತನವೆಂದು ತಳ್ಳಿಹಾಕಬಾರದೆಂಬುದು ಇನ್ನೊಂದು. 1954ರಲ್ಲಿಯೂ 1968ರಲ್ಲಿಯೂ ಅಂತಹ ಆಸೆಗೆ ಅವಕಾಶವಿತ್ತ ವಿಭಾಗಗಳೇ ದೇಶಕ್ಕೆ ಹೊಸ ಶಾಸ್ತ್ರವನ್ನು ಕೊಟ್ಟವು. ಹುಡುಗರು ತಮಗೆ ಬೇಕಾದುದನ್ನು ಬಾಯಿಬಿಟ್ಟು ಕೇಳಬೇಕು, ವಿಭಾಗಗಳು ಕಿವಿಗೊಡಬೇಕು. ನಮ್ಮಂತಹ ಸಂಘಗಳು ಆ ವಿಷಯಗಳನ್ನು ಕನ್ನಡದಲ್ಲಿ ಬರೆಯಿಸಿ, ಬಲ್ಲವರನ್ನು ಕರೆಯಿಸಿ, ಕಾನ್ಪುರದ ಆ ಉಪಾಹಾರದ ಮೇಜಿನಂತಹ ಒಂದು ಮೇಜನ್ನಾದರೂ ಒದಗಿಸಬೇಕು. ಅದಕ್ಕೆ ಕಟ್ಟಡವೂ ಅನುದಾನವೂ ಬೇಕಿಲ್ಲ. ಬಿಡುವಿನ ಭಾನುವಾರವೊಂದು ಸಾಕು.

ಅಂದಹಾಗೆ, ಆ ತಂದೆ ಮಕ್ಕಳ ಅರ್ಜಿಯ ವಿಚಾರ. ಅರ್ಜಿಯ ನಮೂನೆಯಲ್ಲಿ ಪಾಠಕ್ರಮದ ಹೆಸರೆಂಬ ಒಂದು ಅಂಕಣವುಂಟು. ಹುಡುಗನು ಅದನ್ನು ಖಾಲಿ ಬಿಟ್ಟಿದ್ದನು. ಯಾವ ಹೆಸರಿನ ಕೋರ್ಸಿಗೆ ಸೇರುವುದೆಂದು ಅವನಲ್ಲಿಯೇ ನಿಶ್ಚಯವಿರಲಿಲ್ಲ. ನಿಯಮದಂತೆ ನಾನು ಅರ್ಜಿಯನ್ನು ಹಿಂದಿರುಗಿಸಿದೆನು. ಒಂದು ತಿಂಗಳ ಮೇಲೆ ಅವನು ಮತ್ತೆ ಬಂದನು. ವಿದ್ಯುತ್ ಜಾಲಗಳ ನಿರ್ವಹಣೆಯಲ್ಲಿ ಗಣಕದ ಬಳಕೆಯನ್ನು ಕಲಿಸುವ ಎಂ.ಟೆಕ್. ಪಾಠಕ್ರಮವೊಂದನ್ನು ಅವನೇ ಹುಡುಕಿಕೊಂಡಿದ್ದನು; ವಿಭಾಗ ಮಾತ್ರ ಎಲೆಕ್ಟ್ರಿಕಲ್. ಸಾಲ ಮಂಜೂರಾಯಿತು. ಸಹಿ ಹಾಕಿಸಿಕೊಳ್ಳುವಾಗ ತಂದೆಯವರಿಗೆ ಹೇಳಿದೆನು: "ದಂಡ ಏನೂ ಆಗಿಲ್ಲ ರಾಯರೇ. ಓದಿಸಿದ್ದೇ ಈಗ ಬಂಡವಾಳ."